ನಾಲ್ಕು ದಿನ ಬರೆಯದ ಪೆನ್ನು

ದೆಹಲಿಯ ಜನವರಿ ಮಂಜಿನಲ್ಲಿ ಬೆಳಗಿನ ಹತ್ತು ಗಂಟೆಯೂ ಒಂದೇ, ಮಧ್ಯಾಹ್ನದ ಮೂರು ಗಂಟೆಯೂ ಒಂದೇ. ದ್ವಾರಕಾದ ನಮ್ಮ ಐದನೇ ಮಹಡಿಯ ಬಾಲ್ಕನಿಯಿಂದ ಎದುರಿನ ಸೊಸೈಟಿಯ ಕಟ್ಟಡವೇ ಕಾಣುತ್ತಿರಲಿಲ್ಲ. ತಲೆಯ ಮೇಲೆ ಎಲ್ಲೋ ವಿಮಾನ ಇಳಿಯುವ ಸದ್ದು ಕೇಳುತ್ತಿತ್ತು, ವಿಮಾನ ಮಾತ್ರ ಕಾಣುತ್ತಿರಲಿಲ್ಲ. ಆ ಚಳಿಗಾಲವನ್ನು ನೆನೆದರೆ ಅರ್ಧ ನಿದ್ದೆಯಲ್ಲಿ ಕಂಡದ್ದೋ ನಿಜವಾಗಿ ನಡೆದದ್ದೋ ಎಂದು ನನಗೇ ಅನುಮಾನವಾಗುತ್ತದೆ. ಸ್ಪಷ್ಟವಾಗಿ ಉಳಿದಿರುವುದು ಒಂದು ಕರಿ ಹಲಗೆ, ಒಂದು ಬೂದು ಬಣ್ಣದ ಪೆನ್ನು, ಪರದೆಯ ಮೇಲೆ ಅರ್ಧಕ್ಕೆ ನಿಂತ ಒಂದು ವಾಕ್ಯ.

ಅಪ್ಪ ಕೇಂದ್ರ ಸರ್ಕಾರದ ವೈರ್‌ಲೆಸ್ ಇಲಾಖೆಯಲ್ಲಿದ್ದು ನಿವೃತ್ತರಾದವರು. ಆದರೆ ದೆಹಲಿಯ ಕನ್ನಡದವರಿಗೆ ಅವರು ಗೊತ್ತಿದ್ದದ್ದು ಅಕ್ಷರಕ್ಕೆ. ಯಾರ ಮನೆಯ ಗೃಹಪ್ರವೇಶವಾಗಲಿ, ನಾಮಕರಣವಾಗಲಿ, ಆಹ್ವಾನ ಬರೆದುಕೊಡಲು ಅಪ್ಪನೇ ಬೇಕು. ಊರಿನ ಇನ್ನೊಂದು ತುದಿಯ ಪೀತಮ್‌ಪುರಾದಿಂದ ಬಸ್ಸು ಹತ್ತಿಕೊಂಡು ಬಂದು ಬರೆಸಿಕೊಂಡು ಹೋದವರಿದ್ದಾರೆ. ಅಂಥ ಕೈ ಗೌರಿ ಹಬ್ಬ ಕಳೆದ ವಾರ ಬಿದ್ದುಹೋಯಿತು. ಬಲಗೈ, ಬಲಗಾಲು, ಜೊತೆಗೆ ನಾಲಿಗೆ. ಬುದ್ಧಿಗೇನೂ ಆಗಿಲ್ಲ, ಮಾತೆಲ್ಲ ಒಳಗೆ ಹಾಗೇ ಇದೆ, ನಾಲಿಗೆ ಹೇಳಿದ ಹಾಗೆ ಕೇಳುತ್ತಿಲ್ಲ ಅಷ್ಟೆ ಎಂದರು ಡಾಕ್ಟರು. ಅಷ್ಟೆ ಅಂತೆ! ಹೊರಗೆ ಬರುತ್ತಿದ್ದದ್ದು ಹಾ, ಹೂಂ ಎರಡೇ.

ಎಡಗೈಗೆ ಪೆನ್ಸಿಲು ಕೊಟ್ಟೆವು. ಒತ್ತಲು ಬಲವಿರಲಿಲ್ಲ, ಕಾಗದ ಜಾರುತ್ತಿತ್ತು. ಮೂಡಿದ ನಾಲ್ಕು ಸೊಟ್ಟ ಗೆರೆಗಳನ್ನು ಅಪ್ಪ ಒಂದು ನಿಮಿಷ ದಿಟ್ಟಿಸಿ ನೋಡಿ, ಹಾಳೆಯನ್ನು ಮುದುಡಿ ಎಸೆದರು. ಅಮ್ಮ ಹಳೇ ಕ್ಯಾಲೆಂಡರಿನ ಹಿಂದೆ ಅ, ಆ, ಇ, ಈ ಬರೆದು ಬೆರಳಿಟ್ಟು ತೋರಿಸಿ ಎಂದಾಗ ಮುಖ ಗೋಡೆಯ ಕಡೆಗೆ ತಿರುಗಿತು. ಊರಿಗೆಲ್ಲ ಅಕ್ಷರ ಬರೆದುಕೊಟ್ಟ ಮನುಷ್ಯ ಬಾಲಬೋಧೆಯ ಮುಂದೆ ಕೂರಲಿಲ್ಲ. ಅದಾದ ಮೇಲೆ ಎರಡು ತಿಂಗಳು ಪೆನ್ಸಿಲು ಮುಟ್ಟಿದ್ದರೆ ಕೇಳಿ.

ನಾನಾಗ ನೋಯ್ಡಾದ ಒಂದು ಕಂಪನಿಯಲ್ಲಿ ಮಕ್ಕಳ ಪಾಠಗಳಿಗೆ ಚಿತ್ರ ಬರೆಯುತ್ತಿದ್ದೆ. ಚಿತ್ರ ಬರೆಯಲು ಕಂಪ್ಯೂಟರಿಗೆ ಸಿಕ್ಕಿಸುವ ಟ್ಯಾಬ್ಲೆಟ್ ಇತ್ತು. ತಟ್ಟೆಯಷ್ಟು ಅಗಲದ ಕರಿ ಹಲಗೆ, ಅದರ ಮೇಲೆ ಶಾಯಿಯಿಲ್ಲದ ಪೆನ್ನು ಆಡಿಸಿದರೆ ಗೆರೆ ಪರದೆಯ ಮೇಲೆ ಮೂಡುತ್ತದೆ. ಆಫೀಸಿನಲ್ಲಿ ಮೂಲೆಗೆ ಹಾಕಿದ್ದ ಹಳೆಯದೊಂದನ್ನು ಕೇಳಿಕೊಂಡು ಮನೆಗೆ ತಂದೆ. ಒಂದು ಸಲ ಬಿಚ್ಚಿ ರಿಪೇರಿ ಮಾಡಿದ್ದ ಮಾಲು, ಹಿಂದಿನ ಮುಚ್ಚಳ ಗಡಗಡ ಎನ್ನುತ್ತಿತ್ತು. ಅಮ್ಮನ ಮರದ ಮಣೆಯನ್ನು ಅಪ್ಪನ ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡ ಇಟ್ಟು, ಅದರ ಮೇಲೆ ಟ್ಯಾಬ್ಲೆಟ್ ಇಟ್ಟು, ಪೆನ್ನನ್ನು ಅವರ ಎಡಗೈಗೆ ಸಿಕ್ಕಿಸಿದೆ.

ಆ ಮಧ್ಯಾಹ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಒತ್ತಬೇಕಾಗಿರಲಿಲ್ಲ, ಸೋಕಿದರೆ ಸಾಕು. ಅಪ್ಪ ಕೈ ನೋಡಲಿಲ್ಲ, ಪರದೆ ನೋಡಿದರು. ಅಲ್ಲಿ ಬಿಳಿಯೊಳಗಿಂದ ಒಂದು ನೀಲಿ ಗೆರೆ ಎದ್ದು ತೇಲಿತು, ಬಾಗಿತು, ಸುತ್ತಿಕೊಂಡಿತು. ಸೊಟ್ಟಗಾಯಿತು. ನಾನು ಒಂದು ಗುಂಡಿ ಒತ್ತಿ ಅಳಿಸಿದೆ. ಎಸೆಯಲು ಹಾಳೆಯಿಲ್ಲ, ನಾಚಿಕೆಪಡಲು ಸಾಕ್ಷಿಯಿಲ್ಲ. ಮತ್ತೆ ಬರೆದರು. ಬಾಲ್ಕನಿಯಿಂದ ತೆಳು ಬಿಸಿಲು ಬಂದು ಅವರ ಮಂಡಿಯ ಮೇಲೆ ಕೂತಿತ್ತು, ಕೆಳಗೆ ತರಕಾರಿ ಭಯ್ಯಾನ ಕೂಗು ದೂರ ದೂರ ಹೋಗುತ್ತಿತ್ತು. ಎಷ್ಟು ಹೊತ್ತು ಕೂತಿದ್ದೆವೋ ಗೊತ್ತಿಲ್ಲ. ಕೊನೆಗೆ ಪರದೆಯ ಮೇಲೆ ಎರಡು ಪದ ನಿಂತವು: ಉಪ್ಪು ಕಮ್ಮಿ.

ಎರಡು ತಿಂಗಳಿಂದ ಒಳಗೇ ಇಟ್ಟುಕೊಂಡಿದ್ದ ಮಾತು, ಪಾಪ, ಇದು. ನಾನು ನಕ್ಕು ನಕ್ಕು ಅತ್ತೆ. ಅಡುಗೆಮನೆಯಿಂದ ಬಂದು ನೋಡಿದ ಅಮ್ಮ ಮಾತ್ರ ನಗಲಿಲ್ಲ. "ಡಾಕ್ಟ್ರು ಕಮ್ಮಿ ಹಾಕು ಅಂದಿದ್ದಾರೆ, ತಪ್ಪು ತಿಳ್ಕೋಬೇಡಿ" ಎಂದು ಮೆಲ್ಲಗೆ ಹೇಳಿ ಒಳಗೆ ಹೋದಳು.

ಅಮ್ಮ ಹಾಗೆ ಮಾತಾಡುವವಳೇ ಅಲ್ಲ. ನಮ್ಮಿಬ್ಬರದೂ ಮೂಗಿನ ತುದಿಯ ಕೋಪ. ನನ್ನದು ಅವಳಿಂದಲೇ ಬಂದದ್ದು. ಮದುವೆಯಾದಂದಿನಿಂದ ಅಪ್ಪನನ್ನು ಬೈಯದ ದಿನವಿರಲಿಲ್ಲ, ಬೈಸಿಕೊಳ್ಳದೆ ಅಪ್ಪನಿಗೆ ಕಾಫಿ ಇಳಿಯುತ್ತಿರಲಿಲ್ಲ. ಅಪ್ಪನಿಗೆ ಹಾಗಾದ ಬೆಳಗ್ಗೆ ಕಾಫಿಯ ಲೋಟ ಅವರ ಕೈಯಿಂದ ಜಾರಿ, ಹೊಸದಾಗಿ ಹಾಸಿದ್ದ ಬೆಡ್‌ಶೀಟಿನ ಮೇಲೆಲ್ಲ ಚೆಲ್ಲಿತು. "ಏನ್ರೀ ಇದು! ಒಂದು ಲೋಟ ಹಿಡಿಯೋಷ್ಟೂ ಕೈಯಲ್ಲಿ ಶಕ್ತಿ ಇಲ್ವಾ?" ಎಂದಳು ಅಮ್ಮ. ಅಪ್ಪ ತಮ್ಮ ಕೈಯನ್ನೇ ನೋಡಿಕೊಂಡರು. ಉತ್ತರ ಹೇಳಲು ಬಾಯಿ ತೆರೆದರು, ಬಾಯಿ ಒಂದು ಕಡೆಗೆ ಸರಿಯಿತು.

ಅವತ್ತಿನಿಂದ ಅಮ್ಮ ಬೈಯುವುದನ್ನು ಬಿಟ್ಟಳು. ಮನೆಗೆ ಬಂದ ಅತಿಥಿಯ ಜೊತೆ ಮಾತಾಡಿದ ಹಾಗೆ ಗಂಡನ ಜೊತೆ ಮಾತಾಡತೊಡಗಿದಳು. ಅಪ್ಪನಿಗೆ ಕಾಫಿ ಕೊಡುವುದನ್ನೂ ಬಿಟ್ಟಳು. ಡಾಕ್ಟರು ಹೇಳಿದ್ದು ಒಂದು ವಾರ ಬೇಡ ಎಂದು, ಇವಳು ಅದನ್ನು ನಾಲ್ಕು ತಿಂಗಳಿಗೆ ಎಳೆದಿದ್ದಳು. ಅಪ್ಪನಿಗೆ ರಾಗಿ ಗಂಜಿ ಕೊಟ್ಟು, ತಾನು ಅಡುಗೆಮನೆಯಲ್ಲಿ ನಿಂತು ಒಂದು ಗುಟುಕು ಕಾಫಿ ಕುಡಿದು, ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ನಲ್ಲಿಯ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲ ಎಂದುಕೊಂಡಿದ್ದಳು.

ಸಂಕ್ರಾಂತಿಯ ಹಿಂದಿನ ವಾರ, ಒಂದು ಶನಿವಾರ, ಅಪ್ಪ ಬೆಳಗಿನಿಂದ ಬರೆಯುತ್ತಿದ್ದರು. ಒಂದೊಂದು ಅಕ್ಷರಕ್ಕೂ ಎರಡು ಮೂರು ನಿಮಿಷ. ನಾನು ಪಕ್ಕದಲ್ಲಿ ಶಾಲು ಹೊದ್ದು ತೂಕಡಿಸುತ್ತಿದ್ದೆ. ಅಷ್ಟರಲ್ಲಿ ಅಮ್ಮ ಬಂದಳು. ಎಳ್ಳಿಗೆ ಬೆಲ್ಲ, ಕೊಬ್ಬರಿ ಹೆಚ್ಚಬೇಕು, ಹೆಚ್ಚಿದ್ದನ್ನು ಒಣಗಿಸಬೇಕು, ಮಣೆ ಬೇಕು. "ಸ್ವಲ್ಪ ಎತ್ಕೋತೀನಿ" ಎಂದು ಟ್ಯಾಬ್ಲೆಟನ್ನು ಎತ್ತಿ, ಮಣೆ ತೆಗೆದುಕೊಂಡು, ಮೂಲೆಯಲ್ಲಿದ್ದ ಟೀಪಾಯಿಯನ್ನು ಕುರ್ಚಿಯ ಮುಂದಕ್ಕೆ ಎಳೆದಳು. ಹೂವಿನ ಹೊದಿಕೆಯನ್ನು ಸರಿಮಾಡಿ ಅದರ ಮೇಲೆ ಟ್ಯಾಬ್ಲೆಟ್ ಇಟ್ಟಳು. ಎತ್ತರ ಸರಿಯಾಗಿ ಹೊಂದಿತು. ಅಪ್ಪ ಪೆನ್ನು ಊರಿದರು. ಗೆರೆ ಬರಲಿಲ್ಲ.

ಪರದೆಯ ಮೇಲೆ ಅಷ್ಟು ಹೊತ್ತಿಗೆ ಬರೆದದ್ದು ಇತ್ತು: ನಿಮ್ಮಮ್ಮನಿಗೆ ಒಂದು ಮಾತು ಹೇಳಬೇಕು. ಆವತ್ತು

ಅಷ್ಟೆ. ಆವತ್ತು ಎಂದಷ್ಟೇ ಬರೆದು ನಿಂತಿತ್ತು. ಅಮ್ಮ ಅದನ್ನು ಓದಿದಳು. ಮುಖದ ಬಣ್ಣ ಹೋಯಿತು. ಯಾವತ್ತು ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ಮಣೆಯನ್ನು ಎದೆಗೆ ಅವಚಿಕೊಂಡು ಹೇಳಿದಳು: "ಬೇಗ ಸರಿಮಾಡೇ. ಏನು ಹೇಳ್ತಾರೋ ಕೇಳಿಬಿಡ್ತೀನಿ. ಬೈದ್ರೆ ಬೈಲಿ."

ಸರಿಮಾಡುವುದು ಎಂದರೆ ನಾನು ಕಲಿತ ಕ್ರಮ ಒಂದಿತ್ತು. ಬರೆದಷ್ಟನ್ನು ಸೇವ್ ಮಾಡಿ, ಕಂಪ್ಯೂಟರ್ ಆರಿಸಿ ಹಚ್ಚಿ, ಅದನ್ನೇ ಮತ್ತೆ ತೆರೆದೆ. ವೈರು ಕಿತ್ತು ಇನ್ನೊಂದು ತೂತಿಗೆ ಹಾಕಿದೆ. ಹಲಗೆಯ ಪುಟ್ಟ ದೀಪ ಉರಿಯುತ್ತಿತ್ತು, ಅಂದರೆ ಜೀವ ಇದೆ. ಸಿ.ಡಿ. ಹುಡುಕಿ ಸಾಫ್ಟ್‌ವೇರ್ ಅಳಿಸಿ ಮತ್ತೆ ಹಾಕಿದೆ. ಭಾನುವಾರ ಪೆನ್ನಿನ ತುದಿಯ ಮುಳ್ಳು ಸವೆದಿದೆಯೆಂದು ಚಿಮುಟದಲ್ಲಿ ಎಳೆದು ಹೊಸ ಮುಳ್ಳು ಸಿಕ್ಕಿಸಿದೆ. ಹಲಗೆಯನ್ನು ಒದ್ದೆ ಬಟ್ಟೆಯಲ್ಲಿ, ಆಮೇಲೆ ಒಣ ಬಟ್ಟೆಯಲ್ಲಿ ಒರೆಸಿದೆ. ಪ್ರತಿ ಸಲವೂ ಟೀಪಾಯಿಯ ಮೇಲೆ ಇಟ್ಟು ಗೀಚಿದೆ. ಪರದೆಯ ಬಾಣ ಒಂದು ಸಲ ನಡುಗಿತು, ಮತ್ತೆ ಗಪ್‌ಚಿಪ್. ಅಮ್ಮ ತಾನೂ ಒಂದು ಕೈ ನೋಡಿದಳು. ಪಕ್ಕದ ಮನೆಯ ಪಂಜಾಬಿ ಆಂಟಿ ಮೊನ್ನೆ ಬಂದು "ಅಂಕಲ್‌ಜೀ ಕಿತನಾ ಸುಂದರ್ ಲಿಖ್ತೇ ಹೈಂ" ಎಂದು ಹೊಗಳಿದ್ದರಂತೆ, ದೃಷ್ಟಿಯಾಗಿದೆಯಂತೆ. ಉಪ್ಪು, ಮೆಣಸಿನಕಾಯಿ ಹಿಡಿದು ಪೆನ್ನಿಗೆ ಮೂರು ಸುತ್ತು ನಿವಾಳಿಸಿದಳು. ಅದೂ ಆಯಿತು.

ಈ ಹೊತ್ತೆಲ್ಲ ಅಪ್ಪ ಒಂದೇ ಕೆಲಸ ಮಾಡುತ್ತಿದ್ದರು. ಬಲಗೈ ಊದಿಕೊಂಡಾಗ ಉಂಗುರವನ್ನು ಎಡಗೈಗೆ ಹಾಕಿದ್ದೆವು. ಆ ಉಂಗುರದ ಬೆರಳಿನಿಂದ ಟೀಪಾಯಿಯನ್ನು ಕುಟ್ಟುತ್ತಿದ್ದರು. ಡಬ್, ಡಬ್. "ತಾಳಿ ಅಪ್ಪ, ಮಾಡ್ತಾ ಇದೀನಲ್ಲ" ಎಂದೆ. ಮತ್ತೆ ಡಬ್, ಡಬ್. ಹೊದಿಕೆಯ ತುದಿಯನ್ನು ಎತ್ತಿ ಕುಟ್ಟಿದರು. ಈಗ ಠಣ್ ಎಂದಿತು.

ಆಗ ನೆನಪಾಯಿತು, ಅದು ಟೀಪಾಯಿಯಲ್ಲ, ಟ್ರಂಕು. ವರ್ಗಾವಣೆಯ ನೌಕರಿಯವರ ಮನೆಯಲ್ಲಿ ಕಬ್ಬಿಣದ ಟ್ರಂಕು ಪೂರ್ತಿ ಬಿಚ್ಚುವ ಮೊದಲೇ ಮುಂದಿನ ಆರ್ಡರು ಬರುತ್ತದೆ. ಅದಕ್ಕೆ ಅದರ ಮೇಲೊಂದು ಬಟ್ಟೆ ಹೊದಿಸಿ, ಹೂದಾನಿ ಇಟ್ಟು, ಮೇಜು ಎಂದು ಕರೆದು ಬದುಕುತ್ತೇವೆ. ನಾನು ಹುಟ್ಟಿದಾಗಿನಿಂದ ಅದು ಟೀಪಾಯಿಯೇ.

"ಟ್ರಂಕಿನಿಂದ ಏನೋ ಬೇಕು ಕಣೇ ಅವರಿಗೆ" ಎಂದಳು ಅಮ್ಮ. ಸರಿ, ಟ್ಯಾಬ್ಲೆಟ್ ಬದಿಗಿಟ್ಟು ಟ್ರಂಕು ತೆರೆದೆವು. ನುಸಿಗುಳಿಗೆಯ ವಾಸನೆ ಎದ್ದಿತು. ಹಳೇ ಸ್ವೆಟರುಗಳು, ನನ್ನ ಕುಲಾವಿ, ವರ್ಗಾವಣೆಯ ಕಾಗದಗಳ ಕಟ್ಟು. ಒಂದೊಂದನ್ನೇ ಎತ್ತಿ ತೋರಿಸಿದೆ. ಅಪ್ಪ ತಲೆ ಅಲ್ಲಾಡಿಸುತ್ತಲೇ ಹೋದರು. ತಳದಿಂದ ಹಳೇ ರೇಡಿಯೋ ಬಂದಾಗ ಮಾತ್ರ ಅವರ ಕಣ್ಣು ಅರಳಿತು. ರೇಡಿಯೋ ಮುಟ್ಟಿದರು, ಟ್ರಂಕು ಮುಟ್ಟಿದರು, ಮತ್ತೆ ರೇಡಿಯೋ, ಮತ್ತೆ ಟ್ರಂಕು.

"ಅಯ್ಯೋ ಪಾಪ, ರೇಡಿಯೋ ಕೇಳಬೇಕು ಅನ್ನಿಸಿದೆ." ಅಮ್ಮನ ಕಣ್ಣು ತುಂಬಿತು. ನಾನು ಮಂಜಿನಲ್ಲಿ ಮಾರ್ಕೆಟ್ಟಿಗೆ ಓಡಿ ಸೆಲ್ಲು ತಂದೆ. ಎಲ್ಲವನ್ನೂ ಒಳಗೆ ತುಂಬಿ, ಟ್ರಂಕು ಮುಚ್ಚಿ, ಹೊದಿಕೆ ಹಾಸಿ, ಅದರ ಮೇಲೆ ರೇಡಿಯೋ ಇಟ್ಟು ಕಿವಿ ತಿರುವಿದೆ. ಬರೀ ಗೊರಗೊರ. ಅಪ್ಪ ಕಣ್ಣು ಮುಚ್ಚಿಕೊಂಡು ಕುರ್ಚಿಗೆ ಒರಗಿಬಿಟ್ಟರು. ಎಷ್ಟು ಕರೆದರೂ ಕಣ್ಣು ತೆರೆಯಲಿಲ್ಲ.

ಸೋಮವಾರ ಟ್ಯಾಬ್ಲೆಟನ್ನು ಚೀಲದಲ್ಲಿ ಹಾಕಿಕೊಂಡು ಆಫೀಸಿಗೆ ಒಯ್ದೆ. ಅಲ್ಲಿ ನನ್ನ ಮರದ ಮೇಜಿನ ಮೇಲೆ, ಏನು ಹೇಳಲಿ, ಬೆಣ್ಣೆಯ ಮೇಲೆ ಚಾಕು ಹೋದ ಹಾಗೆ ಬರೆಯಿತು! ಸಂಜೆಯ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಿದ್ದೆ. ಯಮುನೆಯ ಸೇತುವೆಯ ಮೇಲೆ ಹೊರಗಿನದೆಲ್ಲ ಬಿಳಿ, ನದಿಯೂ ಇಲ್ಲ, ದೀಪವೂ ಇಲ್ಲ. ಆ ಬಿಳಿಯ ಮೇಲೆ ನೀಲಿ ಅಕ್ಷರಗಳು ತಾವಾಗಿಯೇ ಮೂಡುತ್ತಿದ್ದವು: ಆವತ್ತು ನೀನು ಹಾಗೆ ಅನ್ನಬಾರದಿತ್ತು. ಆವತ್ತು ನೀನು ಬೇಗ ಡಾಕ್ಟರನ್ನು ಕರೆಯಬೇಕಿತ್ತು. ಬೆಚ್ಚಿ ಎಚ್ಚರಗೊಂಡೆ. ಒಂದು ವೇಳೆ ಅಪ್ಪ ಹೀಗೇ ಬರೆದುಬಿಟ್ಟರೆ ಅಮ್ಮ ತಾಳಿಕೊಳ್ಳುವುದಿಲ್ಲ. ಪೆನ್ನು ಮನೆಯಲ್ಲಿ ಬರೆಯದೇ ಇದ್ದರೇ ಒಳ್ಳೆಯದೇನೋ ಎಂದು ಒಂದು ಗಳಿಗೆ ಅನ್ನಿಸಿತು, ಹೌದು, ಅನ್ನಿಸಿತು. ಮನೆಗೆ ಬಂದು ಟ್ರಂಕಿನ ಮೇಲಿಟ್ಟು ನೋಡಿದೆ. ಬರೆಯಲಿಲ್ಲ. ಅಮ್ಮ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದಳು, ಆಮೇಲೆ ಒಳಗೆ ಹೋದಳು.

ಮಂಗಳವಾರ ರಜ ಹಾಕಿ, ಮೆಟ್ರೋ ಹತ್ತಿ, ಕಂಪ್ಯೂಟರ್ ಮಾರುಕಟ್ಟೆಗೆ ಹೋದೆ. ಅಂಗಡಿಯವನು ಪ್ಲೈವುಡ್ ಹಲಗೆಯ ಮೇಲೆ ಟ್ಯಾಬ್ಲೆಟ್ ಇಟ್ಟು, ಪೆನ್ನಿನಲ್ಲಿ ಒಂದು ಗಿಳಿ ಬರೆದು, ನನ್ನ ಮುಖ ನೋಡಿದ. "ಮೇಡಂ, ಪೆನ್ ತೋ ಏಕ್‌ದಮ್ ಠೀಕ್ ಹೈ. ಘರ್ ಮೇಂ ಕುಛ್ ಗಡ್‌ಬಡ್ ಹೋಗಾ." ಮನೆಯಲ್ಲೇ ಏನೋ ಎಡವಟ್ಟಿದೆಯಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳು ಎನ್ನುವ ಹಾಗೆ ನೋಡಿದ ನನ್ನನ್ನು. ಮೈಯೆಲ್ಲ ಉರಿಯಿತು.

ಆ ಉರಿಯನ್ನು ಮನೆಯವರೆಗೂ ಹೊತ್ತು ತಂದೆ. ಟ್ಯಾಬ್ಲೆಟ್ ಇಟ್ಟೆ, ಸತ್ತಿತ್ತು. ಅಪ್ಪ ಉಂಗುರದಿಂದ ಠಣ್, ಠಣ್ ಎಂದು ಶುರುಮಾಡಿದರು. "ಅಪ್ಪಾ, ಸಾಕು ಮಾಡ್ತೀರಾ! ನಾಲ್ಕು ದಿನದಿಂದ ನಾನು ಒದ್ದಾಡ್ತಾ ಇದೀನಿ, ನೀವು ಒಂದೇ ಸಮ ಕುಟ್ಟಿದ್ದೇ ಕುಟ್ಟಿದ್ದು. ತಲೆ ಚಿಟ್ಟು ಹಿಡೀತು ನನಗೆ!" ಎಂದು ಕಿರುಚಿದೆ. ಅಪ್ಪನ ಕೈ ಗಾಳಿಯಲ್ಲೇ ನಿಂತಿತು, ಆಮೇಲೆ ಮೆಲ್ಲಗೆ ಇಳಿದು ಮಡಿಲಲ್ಲಿ ಕೂತಿತು. ಆ ಸಂಜೆ ಅವರು ಮತ್ತೆ ಕುಟ್ಟಲಿಲ್ಲ. ನನ್ನನ್ನು ನೋಡಲೂ ಇಲ್ಲ. ನಾನು ಬಾಲ್ಕನಿಗೆ ಹೋಗಿ ಮಂಜಿನ ಕಡೆ ಮುಖಮಾಡಿ ನಿಂತೆ. ನನ್ನ ಬಾಯಿಗಿಷ್ಟು ಬೆಂಕಿ ಹಾಕ ಎಂದು ನನ್ನನ್ನು ನಾನೇ ಬೈದುಕೊಂಡೆ.

ಐದನೆಯ ದಿನ ಬೆಳಗ್ಗೆ ಇದನ್ನು ಕಟ್ಟಿ ಅಟ್ಟಕ್ಕೆ ಹಾಕಿಬಿಡೋಣ ಎಂದು ನಿರ್ಧರಿಸಿದೆ. ವೈರು ಕೀಳುವ ತಾಳ್ಮೆಯೂ ಇರಲಿಲ್ಲ, ಪೆನ್ನನ್ನು ಹಲಗೆಯ ಮೇಲೇ ಇಟ್ಟು ಎರಡನ್ನೂ ಒಟ್ಟಿಗೆ ಎತ್ತಿದೆ. ಪೆನ್ನು ಉರುಳಿತು. ಪರದೆಯ ಮೇಲೆ, ಆವತ್ತು ಎನ್ನುವ ಪದದ ಮುಂದೆ, ಒಂದು ನೀಲಿ ಗೆರೆ ಸುಯ್ಯನೆ ಹರಿಯಿತು.

ಕೆಳಗಿಟ್ಟೆ. ಇಲ್ಲ. ಎತ್ತಿದೆ, ಬಂತು. ಕೆಳಗಿಟ್ಟೆ, ಹೋಯಿತು. ನಾನು ಹಲಗೆ ಹಿಡಿದು ಮೇಲೆ ಕೆಳಗೆ ಮಾಡುತ್ತ ನಿಂತಿದ್ದಾಗ ಅಪ್ಪನ ಎಡಗೈ ಮಡಿಲಿನಿಂದ ಎದ್ದಿತು. ಒಂದೇ ಸಲ, ಬಹಳ ಮೆಲ್ಲಗೆ. ಠಣ್.

ಆಗ ಎಲ್ಲಿಂದಲೋ ಸರ್ಕಾರಿ ಕ್ವಾರ್ಟರ್ಸಿನ ಬೆಳಗು ಬಂತು. ನಾನು ಎಂಟು ವರ್ಷದವಳು, ಟ್ರಂಕಿನ ಮೇಲೆ ಇದೇ ರೇಡಿಯೋ ಇಟ್ಟುಕೊಂಡು ಅದು ಮಾತಾಡುತ್ತಿಲ್ಲ ಎಂದು ಗುದ್ದುತ್ತಿದ್ದೇನೆ. ಶೇವಿಂಗ್ ಸೋಪು ಹಚ್ಚಿಕೊಂಡ ಮುಖದಲ್ಲೇ ಅಪ್ಪ ಬಂದು, ರೇಡಿಯೋವನ್ನು ಎತ್ತಿ ಮರದ ಸ್ಟೂಲಿನ ಮೇಲೆ ಇಡುತ್ತಾರೆ. ದೂರದ ಕನ್ನಡ ಸ್ಟೇಷನ್ನು ಮೆಲ್ಲಗೆ ಮೇಲೇಳುತ್ತದೆ. "ಕಬ್ಬಿಣದ ಮೇಲೆ ಇಟ್ರೆ ಅದಕ್ಕೆ ಉಸಿರು ಕಟ್ಟುತ್ತೆ ಮಗಳೇ" ಎನ್ನುತ್ತಾರೆ. ನಾನು ಕೇಳಿಸಿಕೊಳ್ಳದೆ ಆಡಲು ಓಡುತ್ತೇನೆ.

ಪೆನ್ನಿಗೂ ಹಲಗೆಗೂ ನಡುವೆ ಇದ್ದದ್ದು ರೇಡಿಯೋ ಅಲೆಗಳಂಥದ್ದೇ, ಕಣ್ಣಿಗೆ ಕಾಣದ ಮಾತುಕತೆ. ಕಬ್ಬಿಣ ಅದನ್ನು ನುಂಗುತ್ತಿತ್ತು. ರಿಪೇರಿ ಮಾಡಿದವನು ಕಬ್ಬಿಣದ ಕಾಟ ತಡೆಯುವ ಒಳಗಿನ ತೆಳು ಹಾಳೆಯನ್ನು ವಾಪಸ್ ಹಾಕಿರಲಿಲ್ಲ ಎನ್ನುವುದು ಆಮೇಲೆ ಬಿಚ್ಚಿ ನೋಡಿದಾಗ ಗೊತ್ತಾಯಿತು. ಬದುಕೆಲ್ಲ ವೈರ್‌ಲೆಸ್ಸಿನಲ್ಲಿ ಕಳೆದ ಮನುಷ್ಯನಿಗೆ ಅದು ಮೊದಲ ದಿನವೇ ತಿಳಿದಿತ್ತು. ಅವರು ಮಾತಾಡಲಿ ಎಂದು ನಾವು ಪೆನ್ನು ರಿಪೇರಿ ಮಾಡುತ್ತಿದ್ದೆವು, ಅವರು ಅಷ್ಟೂ ದಿನ ಮಾತಾಡುತ್ತಲೇ ಇದ್ದರು.

"ಅಮ್ಮಾ, ಮಣೆ!" ಎಂದು ಕೂಗಿದೆ. ಅಮ್ಮ ಬೆಲ್ಲದ ಚೂರುಗಳನ್ನು ತಟ್ಟೆಗೆ ಸುರಿದು ಮಣೆ ತಂದಳು. ವಿಷಯ ಕೇಳಿ ಹಣೆ ಚಚ್ಚಿಕೊಂಡಳು. "ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ರಂತೆ. ನಾನೇ ಕಣೇ ತಂದಿಟ್ಟವಳು ಆ ಟ್ರಂಕನ್ನ." ಮಣೆ ಕುರ್ಚಿಯ ಕೈಗಳ ಮೇಲೆ ಕೂತಿತು, ಹಲಗೆ ಮಣೆಯ ಮೇಲೆ. ಅಪ್ಪ ಪೆನ್ನು ಹಿಡಿದರು. ಹೊರಗೆ ಮಂಜು ಸ್ವಲ್ಪ ಸ್ವಲ್ಪವೇ ತೆಳುವಾಗುತ್ತಿತ್ತು. ಮೊದಲು ನನ್ನ ಕಡೆ ಒಂದು ಸಲ ನೋಡಿ, ಬರೆದರು:

ನಾಲ್ಕು ದಿನದಿಂದ ಹೇಳ್ತಾ ಇದೀನಿ.

ನಾನು ಅವರ ಮಂಡಿಯ ಮೇಲೆ ತಲೆಯಿಟ್ಟೆ. ಕ್ಷಮಿಸಿ ಅಪ್ಪ ಎಂದೆ. ಅಮ್ಮ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತೇ ಇದ್ದಳು. "ಅದು... ನನಗೆ ಏನೋ ಹೇಳಬೇಕು ಅಂತ ಬರೆದಿದ್ರಲ್ಲ. ಆವತ್ತು ಅಂತ. ಹೇಳಿಬಿಡಿ."

ಅಪ್ಪ ಪೆನ್ನನ್ನು ಹಳೆಯ ವಾಕ್ಯದ ಹತ್ತಿರಕ್ಕೆ ಒಯ್ದರು. ಒಂದೊಂದೇ ಅಕ್ಷರ. ನಾವಿಬ್ಬರೂ ಉಸಿರು ಹಿಡಿದು ನೋಡಿದೆವು. ಕ ಮೂಡಿತು, ಅದಕ್ಕೆ ದೀರ್ಘ ಬಂತು. ಒಂದು ವಿಮಾನ ಬಂದು, ಮನೆಯನ್ನೆಲ್ಲ ಸದ್ದಿನಿಂದ ತುಂಬಿ, ಹೋಯಿತು. ಕೊನೆಗೆ ಕೈ ನಿಂತಿತು.

ಆವತ್ತು ಕಾಫಿ ಚೆನ್ನಾಗಿತ್ತು. ಪೂರ್ತಿ ಕುಡಿಯೋಕಾಗಲಿಲ್ಲ.

ಅಮ್ಮ ಓದಿದಳು. ಇನ್ನೊಂದು ಸಲ ಓದಿದಳು. ಒಳಗೆ ಹೋದಳು. ನಲ್ಲಿಯ ಸದ್ದು ಬರುತ್ತದೆ ಎಂದು ಕಾದೆ. ಬರಲಿಲ್ಲ. ಫಿಲ್ಟರಿನ ಮೇಲೆ ಚಮಚ ತಟ್ಟುವ ಸದ್ದು ಬಂತು, ಆಮೇಲೆ ಹಾಲು ಉಕ್ಕುವ ಸದ್ದು, ಆಮೇಲೆ ಇಡೀ ಮನೆಗೆ ಡಿಕಾಕ್ಷನ್ನಿನ ವಾಸನೆ. ಅರ್ಧ ಲೋಟ ತಂದಳು. ತಾನೇ ಕುಡಿಸಲು ಹೋದಳು, ಅಪ್ಪ ತಲೆ ಅಲ್ಲಾಡಿಸಿ ಎಡಗೈ ಚಾಚಿದರು. ಲೋಟ ಹಿಡಿದರು. ಕೈ ನಡುಗಿತು, ಆದರೂ ಬಿಡಲಿಲ್ಲ, ಗಟಗಟನೆ ಎತ್ತಿದರು, ಗಲ್ಲದ ಮೇಲೆ ಇಳಿದು ಶಾಲಿನ ಮೇಲೆಲ್ಲ ಚೆಲ್ಲಿತು.

"ಏನ್ರೀ ಇದು! ನಿಧಾನ ಕುಡೀರಿ, ಯಾರು ಅಟ್ಟಿಸ್ಕೊಂಡು ಬಂದಿದ್ದಾರೆ? ಮೊನ್ನೆ ತಾನೇ ಒಗೆದ ಶಾಲು!"

ಮಾತು ಹೊರಬಿದ್ದ ಮೇಲೆ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಪ್ಪ ಲೋಟ ಇಳಿಸಿ ಅವಳನ್ನು ನೋಡಿದರು. ನೆಟ್ಟಗಿದ್ದ ಅರ್ಧ ಬಾಯಲ್ಲಿ ನಗು ಬಂತು, ಮೆಲ್ಲಗೆ ಸೊಟ್ಟ ಅರ್ಧಕ್ಕೂ ಹಬ್ಬಿತು. ಆಮೇಲೆ, ನಾನು ಕಣ್ಣಾರೆ ಕಂಡೆ, ಬೇಕೆಂದೇ ಲೋಟವನ್ನು ಇನ್ನೊಂದಿಷ್ಟು ವಾಲಿಸಿದರು. ಅಮ್ಮ ಬಾಯಿಂದ ಸೆರಗು ತೆಗೆದು, ಈ ಸಲ ಸರಿಯಾಗಿ ಬೈದಳು.